ಕಾರ್ತಿಕ ಸೋಮವಾರದ ಲೀಕ್ ಸೂಪು

ಹೊನ್ನಾಳಿಯ ಅಡಕೆ ವ್ಯಾಪಾರಿ ವಿರೂಪಾಕ್ಷಪ್ಪನವರು ದೊಡ್ಡ ಮನುಷ್ಯರು. ಹಾಗಂತ ಅವರೇ ಹೇಳಿಕೊಳ್ಳುತ್ತಾರೆ. ಮುದ್ದೆ ಸಾರನ್ನು ಬಾಗಿಲು ಹಾಕಿಕೊಂಡು ಉಣ್ಣುತ್ತಾರೆ. ಯಾರಾದರೂ ಬಂದರೆ ತಟ್ಟೆ ಒಳಗೆ ಕಳಿಸಿ ಓಟ್ಸ್ ಬಗ್ಗೆ ಭಾಷಣ ಬಿಗಿಯುತ್ತಾರೆ.

ಮಗಳನ್ನು ನೋಡಲು ಚನ್ನಗಿರಿಯವರು ಬರುವ ದಿನ ಇಂಥ ಮನುಷ್ಯ ಮಂಡಕ್ಕಿ, ಮಿರ್ಚಿ ಕೊಟ್ಟಾರೆಯೇ? ಶಿವಮೊಗ್ಗದ ಎ.ಸಿ. ಅಂಗಡಿಯಿಂದ ಒಂದು ಕಟ್ಟು ತಂದರು. ಮೊಳದುದ್ದ ಬಿಳಿ ದಂಟು, ತುದಿಗೆ ಅಗಲ ಹಸಿರೆಲೆ.

"ಲೀಕ್ ಅಂತಾರೆ. ಫಾರಿನ್ನಾಗೆ ಚಳಿಗಾಲಕ್ಕೆ ಇದ್ರ ಸೂಪೇ ಕುಡಿಯೋದು. ಮಾಡು," ಎಂದು ಅಡಿಗೆಯ ಲಕ್ಷ್ಮಮ್ಮನ ಮುಂದೆ ಹಾಕಿದರು.

ಅಂದು ಕಾರ್ತಿಕ ಸೋಮವಾರ. ಹಗಲೆಲ್ಲ ಉಪವಾಸ, ಸಂಜೆ ಪೂಜೆಯ ಮೇಲೆ ಒಂದೇ ಊಟ. ಈರುಳ್ಳಿ, ಬೆಳ್ಳುಳ್ಳಿ ಹತ್ತಿರವೂ ಸುಳಿಯಬಾರದು. ಲಕ್ಷ್ಮಮ್ಮನ ಜೀವನ ನಡೆಯುವುದೇ ಮನೆಮನೆಯ ಇಂಥ ವ್ರತದಡಿಗೆಯಿಂದ. ಮೊದಲ ದಂಟು ಹೆಚ್ಚುತ್ತಲೇ ಘಾಟು ಮೂಗಿಗೆ ಹೊಡೆಯಿತು.

"ಯಜಮಾನ್ರೇ, ಇದು ಈರುಳ್ಳಿ ಪೈಕೀನೇ ಕಣ್ರಿ. ಇವತ್ತು ಬ್ಯಾಡ್ರಿ."

"ಈರುಳ್ಳಿಗೆ ಗಡ್ಡೆ ಇರ್ತೈತೆ. ಇದಕ್ಕೆಲ್ಲೈತೆ ತೋರ್ಸು? ನನಗೇ ಹೇಳಾಕೆ ಬರ್ತೀಯಾ?"

ಬಾಗಿಲಲ್ಲಿದ್ದ ಹೆಂಡತಿ ಶಿವಲೀಲಾ ಎಲ್ಲ ಕೇಳಿಸಿಕೊಂಡರು. "ಅವ್ರು ಹೇಳ್ದಂಗೆ ಮಾಡೇ," ಎಂದರು.

ಬೇಯಿಸಿ, ರುಬ್ಬಿ, ಹಾಲು ಸೇರಿಸಿ, ಮೆಣಸು ಉದುರಿಸಿದ್ದಾಯಿತು. ಸಂಜೆ ಹುಡುಗನ ತಾಯಿ ಕಲ್ಲಮ್ಮ ಒಂದು ಚಮಚ ಬಾಯಿಗಿಟ್ಟವರು ಬಟ್ಟಲು ದೂರ ಸರಿಸಿದರು.

"ಈರುಳ್ಳಿ ಹಾಕೀರೇನ್ರಿ? ಬೆಳಿಗ್ಗಿಂದ ಬಾಯಿಗೆ ನೀರೂ ಹಾಕಿಲ್ಲ ನಾನು!"

ವಿರೂಪಾಕ್ಷಪ್ಪನವರು ತಡವರಿಸಲೂ ಇಲ್ಲ. "ಏ ಲಕ್ಷ್ಮಮ್ಮ! ಸೋಮವಾರ ಅಂತ ಬಡ್ಕೊಂಡಿದ್ದೆನಲ್ಲೇ! ಯಾರು ಹಾಕು ಅಂದ್ರು ನಿನಗೆ?"

ಲಕ್ಷ್ಮಮ್ಮ ಶಿವಲೀಲಾ ಕಡೆ ನೋಡಿದಳು. ಆ ಮಹಾತಾಯಿ ಸೆರಗು ಸರಿಮಾಡಿಕೊಂಡು, "ಬ್ಯಾಡ ಅಂದ್ರೂ ಹಾಕಿಬಿಟ್ಲು ನೋಡ್ರಿ," ಎಂದರು.

"ತಂದೋರು ನೀವು ಕಣ್ರಿ..."

"ಎದುರು ಮಾತಾಡ್ತೀಯಾ? ನಡಿ ಹೊರಗೆ!" ಎಂದು ಯಜಮಾನರು ಗದರಿದರು.

ಕಲ್ಲಮ್ಮ ಬಾಯಿ ಮುಕ್ಕಳಿಸಿ, ಗಲ್ಲ ಬಡಿದುಕೊಂಡು, ಹಾಲು ಕುಡಿದರು. ಸಂಬಂಧ ಕುದುರಿತು. ತಪ್ಪು ಅಡಿಗೆಯವಳದಾದರೆ ಮನೆತನಕ್ಕೇನು ಕುಂದು!

ಸುದ್ದಿ ಊರೆಲ್ಲ ಹಬ್ಬಿತು. ಮುಂದಿನ ಸೋಮವಾರ ಲಕ್ಷ್ಮಮ್ಮನನ್ನು ಯಾವ ಮನೆಯೂ ಕರೆಯಲಿಲ್ಲ. ಅವಳೇ ವಿರೂಪಾಕ್ಷಪ್ಪನವರ ಮನೆಕಟ್ಟೆಯ ಹತ್ತಿರ ಬಂದು ನಿಂತಳು.

"ನಾನಲ್ಲ ಅಂತ ನಾಕು ಜನಕ್ಕೆ ಒಂದು ಮಾತು ಹೇಳ್ರಿ. ಇಲ್ಲಾಂದ್ರೆ ಯಾರೂ ಒಲೆ ಮುಟ್ಟಿಸಲ್ಲ."

"ಮದುವೆ ಮುಗೀಲಿ, ನೋಡಾನ," ಎಂದರು.

ಮದುವೆ ಮುಗಿಯಿತು. ಮೊಮ್ಮಗುವನ್ನು ತೊಟ್ಟಿಲಿಗೂ ಹಾಕಿದರು. ಆ ಅಡಿಗೆಗೂ ದಾವಣಗೆರೆಯಿಂದ ಬೇರೆಯವರು ಬಂದರು. ವಿರೂಪಾಕ್ಷಪ್ಪನವರು ಇನ್ನೂ ನೋಡುತ್ತಲೇ ಇದ್ದಾರೆ.