ಸ್ವರಗಳ ಕೆಳಗಿನ ಅಂಕಿಗಳು

1981ರಲ್ಲಿ ನಾನು ಮಂಗಳೂರಿನ ಬಂದರಿನಲ್ಲಿ ಕಸ್ಟಮ್ಸ್‌ನ ಪ್ರಿವೆಂಟಿವ್ ಆಫೀಸರ್ ಆಗಿದ್ದೆ. ಸುಂಕ ನಿರ್ಧರಿಸುವುದು ಬೇರೆಯವರ ಕೆಲಸ. ಹಡಗಿನಿಂದ ಇಳಿಯುವವರ ಚೀಲ, ಸೊಂಟಪಟ್ಟಿ, ಚಪ್ಪಲಿಯ ಅಟ್ಟೆ ನೋಡುವುದು ನಮ್ಮ ಕೆಲಸ. ಚಿನ್ನದ ಬಿಸ್ಕತ್ತು ಬರುತ್ತಿದ್ದ ಕಾಲ ಅದು. ಕೈಗಡಿಯಾರವನ್ನು ಬ್ರೆಡ್ಡಿನೊಳಗೆ ಅಡಗಿಸಿ ತಂದವರನ್ನೂ ಹಿಡಿದಿದ್ದೆ. ಹತ್ತು ವರ್ಷ ಈ ಉದ್ಯೋಗ ಮಾಡಿದವನಿಗೆ ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಜೇಬು ಕಾಣುತ್ತದೆ. "ನೀವು ಮದುವೆಗೆ ಬಂದ್ರೂ ಜನರ ಕೈಚೀಲವನ್ನೇ ನೋಡುದು" ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಅದು ಸುಳ್ಳಾಗಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿದ ಮೇಲೆ ನಮ್ಮ ಕಚೇರಿಗೆ ಸಹಿಯಿಲ್ಲದ ಒಂದು ಪತ್ರ ಬಂತು. ಕಾವೂರಿನ ಕಾಂತಪ್ಪ ಶೆಟ್ಟಿ ಎಂಬವರು ಪೂರ್ವ ಜರ್ಮನಿಯ ಒಂದು ಹಡಗು ಬಂದಾಗಲೆಲ್ಲ ಅದರ ನಾವಿಕನೊಬ್ಬನಿಂದ ಗುಟ್ಟಾಗಿ ಕಟ್ಟು ತೆಗೆದುಕೊಳ್ಳುತ್ತಾರೆ ಎಂದು ಅದರಲ್ಲಿತ್ತು. ಕಾಂತಪ್ಪ ಶೆಟ್ಟರನ್ನು ಬಂದರಿನಲ್ಲಿ ಎಲ್ಲರೂ ಬಲ್ಲರು. ಬೈಕಂಪಾಡಿಯಲ್ಲಿ ಅವರದೊಂದು ವರ್ಕ್‌ಶಾಪ್ ಇತ್ತು. ಹಡಗಿನ ಪಂಪು, ವಾಲ್ವ್ ರಿಪೇರಿ ಮಾಡುವುದಕ್ಕೆ ಅವರಿಗೆ ಬಂದರಿನೊಳಗೆ ಹೋಗುವ ಪಾಸ್ ಇತ್ತು. ಐವತ್ತೈದರ ಆಸುಪಾಸಿನ, ಎಡಗಾಲು ಎಳೆದು ನಡೆಯುವ, ಕಡಿಮೆ ಮಾತಿನ ಮನುಷ್ಯ. ಕಡಿಮೆ ಮಾತಿನವರನ್ನು ನಮ್ಮ ಇಲಾಖೆಯಲ್ಲಿ ಯಾರೂ ನಂಬುವುದಿಲ್ಲ.

ಆ ಹಡಗು ಮತ್ತೆ ಬಂದ ದಿನ ನಾನೇ ಗೇಟಿನಲ್ಲಿ ನಿಂತೆ. ಮಧ್ಯಾಹ್ನದ ಹೊತ್ತಿಗೆ ಶೆಟ್ಟರು ಕೆಲಸ ಮುಗಿಸಿ ಬಂದರು. ಅವರ ಟೂಲ್ ಬಾಕ್ಸಿನ ತಳದಲ್ಲಿ, ಸ್ಪ್ಯಾನರುಗಳ ಕೆಳಗೆ, ಮೇಣಬಟ್ಟೆ ಸುತ್ತಿದ ಚಪ್ಪಟೆ ಕಟ್ಟು ಸಿಕ್ಕಿತು. ಬಿಚ್ಚುವಾಗ ಚಿನ್ನದ ತಗಡು ಇರಬಹುದೆಂದು ನನ್ನ ಬೆರಳುಗಳು ಹುಡುಕುತ್ತಿದ್ದವು. ಇದ್ದದ್ದು ನಲವತ್ತೆರಡು ಹಾಳೆ ಕಾಗದ. ಪ್ರತಿ ಹಾಳೆಯಲ್ಲೂ ಐದೈದು ಗೆರೆ ಎಳೆದು, ಅದರ ಮೇಲೆ ಪಾಶ್ಚಾತ್ಯ ಸಂಗೀತದ ಸ್ವರಚಿಹ್ನೆಗಳನ್ನು ಶಾಯಿಯಲ್ಲಿ ಬರೆದಿತ್ತು. ಮೇಲಿನ ಸಾಲಿನ ಕೆಳಗೆ ಜರ್ಮನ್ ಪದಗಳು. ಅತ್ಯಂತ ಕೆಳಗಿನ ಸಾಲಿನ ಕೆಳಗೆ ಮಾತ್ರ ಬರೀ ಅಂಕಿಗಳು: ಆರು, ನಾಲ್ಕು ಮೂರು, ಏಳು ಆರು, ಮತ್ತೆ ಆರು.

ನಮ್ಮ ಸೂಪರಿಂಟೆಂಡೆಂಟರು ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಹಾಡಿಗೆ ಅಂಕಿ ಯಾಕ್ರೀ? ಇದು ಸೈಫರ್" ಎಂದರು. ಸೈಫರ್ ಎಂದರೆ ಗುಪ್ತಲಿಪಿ. ಬಂದರಿನೊಳಗೆ ಓಡಾಡುವ ಒಬ್ಬ, ಕಮ್ಯುನಿಸ್ಟ್ ದೇಶದ ಹಡಗು, ಪುಟಪುಟವೂ ಅಂಕಿ. ನನಗೂ ಹಾಗೆಯೇ ಅನಿಸಿತು.

ಶೆಟ್ಟರನ್ನು ಕೂರಿಸಿ ಹೇಳಿಕೆ ತೆಗೆದುಕೊಂಡೆ. ಇಬ್ಬರದೂ ಮನೆಮಾತು ತುಳುವಾದರೂ ಅವರು ಕನ್ನಡದಲ್ಲೇ ಉತ್ತರಿಸಿದರು, ನನ್ನನ್ನು ದೂರದಲ್ಲಿ ಇಡುವುದಕ್ಕೆ.

"ಇದು ಎಂತ ಶೆಟ್ರೆ?"

"ಹಾಡು. ಜರ್ಮನಿಯ ಹಳೇ ಹಾಡು. ಮುನ್ನೂರೈವತ್ತು ವರ್ಷ ಆಗಿರ್ಬಹುದು."

"ಯಾರು ಕಳಿಸಿದ್ದು?"

"ಅದು ಹೇಳ್ಲಿಕ್ಕೆ ಆಗುದಿಲ್ಲ."

"ಹಾಡಾದ್ರೆ ಪೋಸ್ಟಲ್ಲಿ ಬರ್ಲಿಕ್ಕೆ ಎಂತ ಆಗಿದೆ?"

"ಅದೂ ಹೇಳ್ಲಿಕ್ಕೆ ಆಗುದಿಲ್ಲ. ನನ್ನ ಮೇಲೆ ಎಂತ ಬೇಕಾದ್ರೂ ಬರೀರಿ. ಆ ಹೆಸರು ಮಾತ್ರ ಕೇಳ್ಬೇಡಿ ಮಾರಾಯ್ರೆ."

ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಒಳಗಿಡುವ ಕಾನೂನು ಉಂಟೆಂದು ಅವರಿಗೆ ವಿವರಿಸಿದೆ. ಅವರು ತಲೆಯಾಡಿಸಿ ಹೇಳಿಕೆಗೆ ಸಹಿ ಹಾಕಿದರು. ಹೆಸರು ಹೇಳದವನು ಅಪರಾಧಿ ಎಂಬುದು ನನಗೆ ಆಗ ಲೆಕ್ಕದಷ್ಟೇ ಸ್ಪಷ್ಟವಾಗಿತ್ತು.

ಅದೇ ಸಂಜೆ ಹಡಗು ಹೊರಟಿತು. ಮರುದಿನ ಶೆಟ್ಟರ ಪಾಸ್ ತಡೆಹಿಡಿಯಲಾಯಿತು. ಜೊತೆಗೆ ನಾನು ಹಡಗಿನ ಏಜೆಂಟರಿಗೆ ಒಂದು ಪತ್ರ ಬರೆದೆ: ಎಂಜಿನ್ ರೂಮಿನಲ್ಲಿ ಶೆಟ್ಟರ ಜೊತೆಗಿದ್ದ ನಾವಿಕ ಯಾರು, ಅವನ ಹೆಸರು ಮತ್ತು ವಿವರ ತಿಳಿಸಬೇಕು, ಅವನು ಒಂದು ಕಟ್ಟು ಹಸ್ತಾಂತರಿಸಿದ ಬಗ್ಗೆ ಸಂಶಯವಿದೆ. ನಾಲ್ಕು ಸಾಲಿನ ಪತ್ರ. ಅಂಥ ಪತ್ರಗಳನ್ನು ವಾರಕ್ಕೆ ಎರಡು ಬರೆಯುತ್ತಿದ್ದೆ.

ಬಳಿಕ ಕಾವೂರಿನ ಮನೆ ಶೋಧಿಸಿದೆವು. ಶೆಟ್ಟರ ಹೆಂಡತಿ ಗುಲಾಬಿಯಕ್ಕ ಕಬ್ಬಿಣದ ಕಪಾಟಿನ ಬೀಗ ತಾವೇ ತೆಗೆದರು. ಒಳಗೆ ಒಣಗಿದ ಬೇವಿನೆಲೆಯ ನಡುವೆ ಅಂಥವೇ ಇನ್ನೂ ಮೂರು ಕಟ್ಟುಗಳಿದ್ದವು. ಪಡಸಾಲೆಯಲ್ಲಿ ಕಾಲಲ್ಲಿ ತುಳಿದು ನುಡಿಸುವ ಹಳೆಯ ಹಾರ್ಮೋನಿಯಂ ಒಂದಿತ್ತು. ನಾನು ಅದರ ಹಿಂಬದಿಯ ಹಲಗೆಯನ್ನೂ ಬಿಚ್ಚಿಸಿ ನೋಡಿದೆ.

ಗುಲಾಬಿಯಕ್ಕ ಹೇಳಿದರು: "ದಿನಾ ಬೆಳಿಗ್ಗೆ ಕೆರೆ ಬದಿಗೆ ಹೋಗಿ ಅದನ್ನೇ ಹಾಡುದು. ನೆರೆಕರೆಯವರು ಇಷ್ಟು ದಿನ ಹುಚ್ಚ ಅಂತಿದ್ರು. ಇನ್ನು ಕಳ್ಳ ಅಂತ ಸಹ ಹೇಳ್ತಾರೆ. ಸಂತೋಷವಾ ನಿಮಗೆ?"

ನಾನು ಮಹಜರು ಬರೆದೆ.

ಅಂಕಿಗಳ ಗುಟ್ಟು ಒಡೆಯುವ ಕೆಲಸ ನನ್ನ ಪಾಲಿಗೆ ಬಂತು. ಯಾರೋ ಸೋನ್ಸ್ ಟೀಚರ್ ಹೆಸರು ಹೇಳಿದರು. ಹಿಂದೆ ಜರ್ಮನ್ ಮಿಷನರಿಗಳು ನಡೆಸಿದ್ದ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಎಪ್ಪತ್ತರ ಮೇಲಾದರೂ ಪ್ರತಿ ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಹಾಳೆಗಳು ಯಾರವೆಂದು ಹೇಳದೆ ಒಂದನ್ನು ಅವರ ಮುಂದಿಟ್ಟೆ.

ದಪ್ಪ ಕನ್ನಡಕದ ಹತ್ತಿರ ಹಿಡಿದು ನೋಡಿ ಅವರು ನಕ್ಕರು. "ಸೈಫರ್ ಅಲ್ಲ ಮಾರಾಯ್ರೆ. ಇದಕ್ಕೆ ಫಿಗರ್ಡ್ ಬಾಸ್ ಅಂತ ಹೇಳ್ತಾರೆ. ಬರೆದವರು ಕೆಳಗಿನ ಸ್ವರ ಒಂದೇ ಕೊಡುದು. ಅದರ ಮೇಲೆ ಯಾವ ಸ್ವರ ಸೇರಿಸ್ಬೇಕು ಅಂತ ಅಂಕಿಯಲ್ಲಿ ಹೇಳ್ತಾರೆ. ಉಳಿದದ್ದನ್ನು ನುಡಿಸುವವರು ಸ್ವಂತ ಬುದ್ಧಿಯಿಂದ ತುಂಬಿಸ್ಬೇಕು."

ನನಗೆ ತಾಳಮದ್ದಳೆ ನೆನಪಾಯಿತು. ಅಲ್ಲಿಯೂ ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಅರ್ಥ ಬರೆದಿರುವುದಿಲ್ಲ, ಅರ್ಥಧಾರಿ ಆ ಕ್ಷಣಕ್ಕೆ ತಾನೇ ಕಟ್ಟಿ ಹೇಳಬೇಕು. ವಿವರಣೆ ಚೆನ್ನಾಗಿ ಹೊಂದಿತು. ಆದರೆ ಚೆನ್ನಾಗಿ ಹೊಂದುವ ವಿವರಣೆಯ ಮೇಲೂ ನನಗೆ ಸಂಶಯ. ಊರಿನಲ್ಲಿ ಇಂಥ ಸಂಗೀತ ಬಲ್ಲವರು ಬೆರಳೆಣಿಕೆಯ ಜನ. ಟೀಚರ್ ಶೆಟ್ಟರ ಕಡೆಯವರೇ ಆಗಿರಬಹುದಲ್ಲ?

ಆದ್ದರಿಂದ ಒಂದು ಪರೀಕ್ಷೆ ಮಾಡಿದೆ. ಅವರು ನೋಡಿರದ ಹಾಳೆಗಳನ್ನು ಆರಿಸಿ, ಹಾಡುವವರ ಮೇಲಿನ ಸಾಲನ್ನು ಕಂದು ಕಾಗದದಿಂದ ಮುಚ್ಚಿದೆ. ಕೆಳಗಿನ ಸ್ವರ ಮತ್ತು ಅಂಕಿ ಮಾತ್ರ ಕಾಣುವಂತೆ ಇಟ್ಟೆ. ಟೀಚರ್ ತಮ್ಮ ಮನೆಯ ಪುಟ್ಟ ಆರ್ಗನ್ನಿನಲ್ಲಿ ಅದನ್ನು ನೋಡಿ ನುಡಿಸುತ್ತ, ಸೇರಿಸಿದ ಸ್ವರಗಳನ್ನು ಒಂದೊಂದಾಗಿ ಹೇಳಿದರು. ನಾನು ಬರೆದುಕೊಂಡೆ. ಆಮೇಲೆ ಕಾಗದ ತೆಗೆದು ಇಬ್ಬರೂ ಹೋಲಿಸಿದೆವು. ಅಂಕಿಗಳು ಸುಳ್ಳಾಗಿದ್ದರೆ ಮುಚ್ಚಿದ ಹಾಡಿಗೂ ಅವರ ಸ್ವರಗಳಿಗೂ ತಾಳೆ ಆಗಬಾರದು. ಪುಟದ ಮೇಲೆ ಪುಟ ತಾಳೆಯಾಯಿತು.

ಮೂರು ಮಧ್ಯಾಹ್ನ ಹೀಗೆ ಕಳೆದವು. ನಡುವೆ ಟೀಚರ್ ಆ ಹಾಡು ಕಟ್ಟಿದವರ ಬಗ್ಗೆ ಹೇಳುತ್ತಿದ್ದರು. ನಕಲು ಮಾಡಿದವರು ಪ್ರತಿ ಹಾಡಿನ ನೆತ್ತಿಯಲ್ಲಿ ಕಟ್ಟಿದವನ ಹೆಸರು, ಅವನು ಯಾವ ಊರಿನ ಚರ್ಚಿನಲ್ಲಿ ಹಾಡು ಕಲಿಸುತ್ತಿದ್ದ ಎಂದು ಬರೆದಿದ್ದರು. ಆ ಹೆಸರುಗಳನ್ನು ಸರಿಯಾಗಿ ಬರೆಯುವ ಧೈರ್ಯ ಇಂದಿಗೂ ನನಗಿಲ್ಲ.

"ಇವರ ಹೆಸರು ನಾವು ಕಲಿಯುವಾಗ ಪರೀಕ್ಷೆಗೆ ಸಹ ಬರ್ತಿರ್ಲಿಲ್ಲ" ಎಂದರು ಟೀಚರ್. "ಎಲ್ಲರಿಗೂ ಗೊತ್ತಿರುವ ದೊಡ್ಡವರು ಬಂದದ್ದು ಇವರ ನಂತರ ನೂರು ವರ್ಷಕ್ಕೆ. ಇವರ ಕಾಲದಲ್ಲಿ ಅಲ್ಲಿ ಮೂವತ್ತು ವರ್ಷದ ಯುದ್ಧ, ಅದರ ಮೇಲೆ ಪ್ಲೇಗ್. ಹಾಡುವವರೇ ಸತ್ತುಹೋದ್ರು. ಹಾಗಾಗಿ ಒಬ್ಬ, ಹೆಚ್ಚೆಂದ್ರೆ ಇಬ್ಬರು ಹಾಡುವ ಹಾಗೆ ಬರೆದ್ರು. ಉಳಿದವರಲ್ಲಿ ಎಂತ ಆಗ್ತದೋ ಅದು."

ಮೂರನೆಯ ದಿನ, ಗೇಟಿನಲ್ಲಿ ಹಿಡಿದ ನಾಲ್ಕನೆಯ ಕಟ್ಟಿನ ಕೊನೆಯ ಹಾಳೆಗಳಿಗೆ ಬಂದಾಗ ಟೀಚರ್ ಕೈ ನಿಲ್ಲಿಸಿದರು. ಆರ್ಗನ್ ಕರ್ಕಶವಾಗಿ ಕೂಗಿತ್ತು. ಮತ್ತೆ ನುಡಿಸಿದರು, ಮತ್ತೆ ಹಾಗೆಯೇ. "ಇದು ಸರಿ ಇಲ್ಲ" ಎಂದರು. ಅಂಥ ಹಾಳೆಗಳು ಏಳು ಇದ್ದವು.

ಆ ಕ್ಷಣ ನನಗಾದದ್ದು ಸಂತೋಷ ಎಂದು ನಾಚಿಕೆಯಿಂದಲೇ ಹೇಳಬೇಕು. ಅಂತೂ ಸಿಕ್ಕಿತು ಅಂದುಕೊಂಡೆ. ಕಚೇರಿಗೆ ಹೋಗಿ ಹೇಳಿದಾಗ ಸೂಪರಿಂಟೆಂಡೆಂಟರು ಮೇಜು ಕುಟ್ಟಿದರು. "ನೂರು ನಿಜದ ಮಧ್ಯೆ ಒಂದು ಸುಳ್ಳು ಇಡೋದೇ ಕಳ್ಳರ ಬುದ್ಧಿ. ಸೋಮವಾರ ವರದಿ ಕೊಡಿ, ಮೇಲಿನವರಿಗೆ ಕಳಿಸೋಣ."

ವರದಿ ಬರೆಯಲು ಭಾನುವಾರ ಕಚೇರಿಗೆ ಹೋದೆ. ಏಳು ಹಾಳೆಗಳಲ್ಲಿ ಅಂಕಿಗಳು ಎಲ್ಲಿ ತಪ್ಪಿವೆ ಎಂದು ಪಟ್ಟಿ ಮಾಡಬೇಕಿತ್ತು. ಸ್ಕೇಲ್ ಇಟ್ಟು ನೋಡುತ್ತ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅಂಕಿಗಳು ಮೊದಲ ಸ್ವರವನ್ನು ಬಿಟ್ಟು ಎರಡನೆಯದರಿಂದ ಶುರುವಾಗಿದ್ದವು, ಪ್ರತಿ ಸಾಲಿನಲ್ಲೂ. ನಾಲ್ಕು ಕಟ್ಟುಗಳನ್ನೂ ಬಂದ ಕ್ರಮದಲ್ಲಿ ಮೇಜಿನ ಮೇಲೆ ಹರಡಿದೆ. ಮೊದಲ ಕಟ್ಟಿನ ಅಕ್ಷರ ಸಣ್ಣ, ನೇರ. ಎರಡನೆಯದರಲ್ಲಿ ತುಸು ದೊಡ್ಡದು. ಮೂರನೆಯದರಲ್ಲಿ ಗೆರೆಗಳ ನಡುವಿನ ಅಂತರ ಹೆಚ್ಚಿತ್ತು. ಕೊನೆಯ ಏಳು ಹಾಳೆಗಳಲ್ಲಿ ಅಂಕಿಗಳು ಹುಣಸೆಬೀಜದಷ್ಟು ದಪ್ಪ, ಶಾಯಿ ಅಲ್ಲಲ್ಲಿ ಗೆರೆ ದಾಟಿ ಹರಿದಿತ್ತು.

ಹಾಳೆಗಳನ್ನು ಎತ್ತಿಕೊಂಡು ಟೀಚರ್ ಮನೆಗೆ ಹೋದೆ. "ಅಂಕಿಗಳನ್ನೆಲ್ಲ ಒಂದೊಂದು ಸ್ವರ ಎಡಕ್ಕೆ ಸರಿಸಿ ನುಡಿಸಿ ನೋಡಿ" ಎಂದೆ. ಅವರು ನುಡಿಸಿದರು. ಕರ್ಕಶ ಹೋಯಿತು. ಏಳು ಹಾಳೆಗಳೂ ಹಾಡಿಗೆ ತಾಳೆಯಾದವು.

ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಬರೆದವರಿಗೆ ಕಣ್ಣು ಹೋಗ್ತಾ ಉಂಟು. ನನಗೆ ಗೊತ್ತಾಗ್ತದೆ ಅದು."

ಸೋಮವಾರ ಕಚೇರಿಗೆ ಹೋಗುವ ಮೊದಲು ಬೈಕಂಪಾಡಿಗೆ ಹೋದೆ. ವರ್ಕ್‌ಶಾಪಿನಲ್ಲಿ ಲೇತ್ ನಿಂತಿತ್ತು. ಹಡಗಿನ ಕೆಲಸವಿಲ್ಲದೆ ಕೆಲಸಗಾರರಲ್ಲಿ ಅರ್ಧ ಜನ ಬರುತ್ತಿರಲಿಲ್ಲ. ಶೆಟ್ಟರು ಒಬ್ಬರೇ ಸ್ಟೂಲಿನ ಮೇಲೆ ಕೂತು ವಾಲ್ವ್ ಒಂದನ್ನು ಉಜ್ಜುತ್ತಿದ್ದರು. ನಾನು ತುಳುವಿನಲ್ಲಿ ಮಾತಾಡಿಸಿದೆ. ಅಂಕಿಗಳು ಸಂಗೀತವೇ ಎಂದು ತಿಳಿಯಿತು, ಕೊನೆಯ ಹಾಳೆಗಳಲ್ಲಿ ಮಾತ್ರ ಬರೆದವರ ಕಣ್ಣು ಸೋತದ್ದರಿಂದ ಸ್ಥಾನ ತಪ್ಪಿದೆ ಎಂದೆ.

ಅವರ ಕೈ ನಿಂತಿತು. ಆ ಕಟ್ಟನ್ನು ಅವರು ಇನ್ನೂ ಬಿಚ್ಚಿಯೇ ಇರಲಿಲ್ಲ, ಅದಕ್ಕೆ ಮೊದಲೇ ನಾನು ಕಸಿದುಕೊಂಡಿದ್ದೆ ಎಂಬುದು ನನಗೆ ಹೊಳೆದದ್ದು ಆಗ.

"ಕಣ್ಣು ಹೋಯ್ತಾ ಅವರಿಗೆ?" ಎಂದು ಕೇಳಿದರು. ವಾಲ್ವನ್ನು ಬಟ್ಟೆಯಲ್ಲಿ ಸುತ್ತಿ ಕೆಳಗಿಟ್ಟರು.

ಆಮೇಲೆ ಹೇಳಿದರು. ಇಪ್ಪತ್ತು ವರ್ಷ ಹಿಂದೆ ಅವರು ಸರಕು ಹಡಗೊಂದರಲ್ಲಿ ಫಿಟ್ಟರ್ ಆಗಿದ್ದರಂತೆ. ಪೂರ್ವ ಜರ್ಮನಿಯ ಒಂದು ಬಂದರಿನಲ್ಲಿ ಕಾಲಿನ ಮೇಲೆ ಕಬ್ಬಿಣ ಬಿತ್ತು. ಹಡಗು ಅವರನ್ನು ಬಿಟ್ಟು ಹೋಯಿತು. ಎಂಟು ತಿಂಗಳು ಆಸ್ಪತ್ರೆ. ಭಾಷೆ ಬಾರದು, ನೋಡಲು ಬರುವವರಿಲ್ಲ. ಪಕ್ಕದ ಚರ್ಚಿನ ಆರ್ಗನಿಸ್ಟ್ ಒಬ್ಬರು ವಾರಕ್ಕೊಮ್ಮೆ ರೋಗಿಗಳಿಗೆ ಹಾಡಲು ಬರುತ್ತಿದ್ದರು. ಇವರ ಗಂಟಲು ಕೆಳಸ್ವರಕ್ಕೆ ಒಳ್ಳೆಯದೆಂದು ಕಂಡು, ಬೆರಳಲ್ಲಿ ಎಣಿಸಿ ತೋರಿಸುತ್ತ ಹಾಡು ಕಲಿಸಿದರು. ಆ ಚರ್ಚಿನ ಕಪಾಟಿನಲ್ಲಿ ಯಾರೂ ಹಾಡದ ಹಳೆಯ ಹಾಡುಗಳ ರಾಶಿ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಅರ್ಧ ಸುಟ್ಟಿತ್ತು, ಉಳಿದದ್ದನ್ನು ಹುಳ ತಿನ್ನುತ್ತಿತ್ತು. ಒಂದೊಂದು ನಕಲು ದೇಶದ ಹೊರಗೂ ಇರಲಿ ಎಂದು ಆ ಆರ್ಗನಿಸ್ಟರು ಬರೆದು ಕಳಿಸುತ್ತಿದ್ದರು.

"ಪೋಸ್ಟಲ್ಲಿ ಹಾಕಿದ್ರೆ ಅಲ್ಲಿ ಒಡೆದು ನೋಡ್ತಾರೆ" ಎಂದರು ಶೆಟ್ಟರು. "ಹಳೇ ಕಾಗದ ಹೊರಗೆ ಕಳಿಸ್ತಾನೆ ಅಂತ ಅವರ ಮೇಲೆ ಅಲ್ಲಿನ ಸರಕಾರದ ಕಣ್ಣು ಮೊದಲೇ ಉಂಟು. ಆ ನಾವಿಕ ಅವರ ಹಳೇ ಶಿಷ್ಯ. ಹೆಸರು ನನ್ನ ಬಾಯಿಂದ ಬಿದ್ರೆ ಇಬ್ಬರೂ ಹೋದ್ರು. ಅಲ್ಲಿ ಸಹ ನಿಮ್ಮ ಹಾಗೇ ಯಾರೋ ಗೇಟಲ್ಲಿ ಕೂತಿದ್ದಾರೆ."

ನನ್ನ ನಾಲ್ಕು ಸಾಲಿನ ಪತ್ರ ನೆನಪಾಯಿತು. ಅಲ್ಲಿಂದಲೇ ಏಜೆಂಟರ ಆಫೀಸಿಗೆ ಓಡಿದೆ. ಗುಮಾಸ್ತ ಫೈಲ್ ತೆರೆದು, "ಅದು ಆಗ್ಲೇ ಟೆಲೆಕ್ಸ್ ಮಾಡಿ ಆಗಿದೆ ಸಾರ್, ಹಡಗಿನ ಓನರ್ಸಿಗೆ. ನೀವು ಅರ್ಜೆಂಟ್ ಅಂತ ಬರ್ದಿದ್ರಿ ಅಲ್ವಾ?" ಎಂದ. ಹಡಗಿನ ಮಾಲೀಕರೆಂದರೆ ಆ ದೇಶದ ಸರಕಾರವೇ.

ವರದಿಯಲ್ಲಿ ಪರೀಕ್ಷೆಯ ವಿವರವನ್ನೆಲ್ಲ ಬರೆದೆ. ಕಳಿಸಿದವರ ಬಗ್ಗೆ ಶೆಟ್ಟರು ಹೇಳಿದ್ದರಲ್ಲಿ ಒಂದು ಪದವನ್ನೂ ಸೇರಿಸಲಿಲ್ಲ. ಸೂಪರಿಂಟೆಂಡೆಂಟರು ಎರಡು ಸಲ ಓದಿ, "ಸಂಶಯವೇ ಇಲ್ಲ ಅಂತೀರಾ?" ಎಂದು ಕೇಳಿದರು.

"ಇತ್ತು ಸಾರ್. ಪರೀಕ್ಷೆ ಮಾಡಿದೆ. ನಿಲ್ಲಲಿಲ್ಲ."

ಅವರು ಸಹಿ ಹಾಕಿದರು. ಬಿಡುಗಡೆಯ ಫಾರಂನಲ್ಲಿ ವಸ್ತುವಿನ ಬೆಲೆ ಬರೆಯುವ ಕಾಲಂ ಇರುತ್ತದೆ. ಅದರಲ್ಲಿ ನಿಯಮದಂತೆ 'ವಾಣಿಜ್ಯ ಮೌಲ್ಯ ಇಲ್ಲ' ಎಂದು ಬರೆದೆ. ಐದು ವಾರಗಳ ನಂತರ ಶೆಟ್ಟರ ಪಾಸ್ ವಾಪಸಾಯಿತು.

ಕಟ್ಟುಗಳನ್ನು ಕಾವೂರಿಗೆ ನಾನೇ ಒಯ್ದುಕೊಟ್ಟೆ, ಟೀಚರನ್ನೂ ಕರೆದುಕೊಂಡು ಹೋದೆ. ಪತ್ರದ ವಿಷಯ ಮುಚ್ಚಿಡದೆ ಶೆಟ್ಟರಿಗೆ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಕಪಾಟಿಗೆ ಬೀಗ ಹಾಕಿ, "ನೋಡುವ" ಎಂದಷ್ಟೇ ಹೇಳಿದರು. ಟೀಚರ್ ಹಾರ್ಮೋನಿಯಂ ಮುಂದೆ ಕೂತು ಕೊನೆಯ ಏಳು ಹಾಳೆಗಳಲ್ಲಿ ಒಂದನ್ನು ಬಿಡಿಸಿಟ್ಟರು. ಶೆಟ್ಟರು ಗೋಡೆಗೆ ಕೈ ಊರಿ ನಿಂತು ಹಾಡಿದರು. ಅಬ್ಬರವಿಲ್ಲದ ಹಾಡು. ಒಂದು ಕಡೆ ಹಾರ್ಮೋನಿಯಂನ ಸ್ವರ ಅವರ ದನಿಗೆ ಉಜ್ಜಿದಂತೆ ಕೇಳಿತು, ಅಂಕಿ ಮತ್ತೆ ತಪ್ಪಿತು ಅಂದುಕೊಂಡೆ. ಮರುಕ್ಷಣ ಆ ಸ್ವರ ಸಡಿಲಗೊಂಡು ಇಳಿಯಿತು.

ಮುಗಿದ ಮೇಲೆ ಶೆಟ್ಟರು ಆ ಜಾಗಕ್ಕೆ ಬೆರಳಿಟ್ಟು ನನಗೆ ತೋರಿಸಿದರು. "ಇಲ್ಲಿ ನಾಲ್ಕು, ಮೂರು ಅಂತ ಉಂಟಲ್ಲ, ನಾಲ್ಕು ನೋಯ್ತದೆ. ಮೂರಕ್ಕೆ ಬಂದಾಗ ನೋವು ಇಳೀತದೆ. ಹಾಡು ಕಟ್ಟಿದವರು ಸತ್ತ ಮಕ್ಕಳಿಗೋಸ್ಕರ ಬರೆದದ್ದು ಇದು."

ಗುಲಾಬಿಯಕ್ಕ ನನಗೂ ಚಹಾ ತಂದುಕೊಟ್ಟರು.

ಚಳಿಗಾಲ ಕಳೆದು ಆ ಹಡಗು ಮತ್ತೆ ಬಂತು. ಎಂಜಿನ್ ರೂಮಿನಲ್ಲಿ ಬೇರೆ ಯಾರೋ ಇದ್ದರು. ಶೆಟ್ಟರು ಪಂಪ್ ರಿಪೇರಿ ಮಾಡಿ ಕಟ್ಟಿಲ್ಲದೆ ಹೊರಗೆ ಬಂದರು. ಗೇಟಿನಲ್ಲಿ ಟೂಲ್ ಬಾಕ್ಸನ್ನು ತಾವಾಗಿಯೇ ತೆರೆದು ನನ್ನ ಮುಂದೆ ಇಟ್ಟರು. ಮುಂದಿನ ವರ್ಷಗಳಲ್ಲೂ ಅವರಿಗೆ ಕಟ್ಟು ಬರಲಿಲ್ಲ. ಅಲ್ಲಿ ಆ ಆರ್ಗನಿಸ್ಟರ ಕಣ್ಣು ಪೂರ್ತಿ ಹೋಯಿತೋ, ನನ್ನ ಪತ್ರ ಅವರನ್ನು ಹುಡುಕಿಕೊಂಡು ಹೋಯಿತೋ, ತಿಳಿಯುವ ದಾರಿ ಇರಲಿಲ್ಲ.

ಮುಂದೆ ನಾನೇ ಸೂಪರಿಂಟೆಂಡೆಂಟ್ ಆಗಿ ಹೊಸಬರಿಗೆ ಕೆಲಸ ಕಲಿಸಿದೆ. ಸಂಶಯಪಡಬೇಡಿ ಎಂದು ಅವರಿಗೆ ಎಂದೂ ಹೇಳಿಲ್ಲ. ಸಂಶಯವಿಲ್ಲದೆ ಆ ಗೇಟಿನಲ್ಲಿ ಒಂದು ದಿನವೂ ನಿಲ್ಲಲಾಗದು. ನಮ್ಮ ಸಂಶಯವನ್ನು ನಾವೇ ಪರೀಕ್ಷಿಸಿ ಮುಗಿಸುವ ತನಕ ಅದನ್ನು ಕಾಗದದ ಮೇಲೆ ಹಾಕಿ ಇನ್ನೊಬ್ಬರ ಕೈಗೆ ಕೊಡಬೇಡಿ ಎಂದು ಮಾತ್ರ ಹೇಳುತ್ತಿದ್ದೆ. ನಾವು ತಪ್ಪೆಂದು ತಿಳಿದು ಬಿಟ್ಟುಬಿಟ್ಟ ಸಂಶಯವನ್ನು ಆ ಇನ್ನೊಬ್ಬರು ಬಿಡಬೇಕೆಂದಿಲ್ಲ. ಶೆಟ್ಟರ ಪಾಸನ್ನು ವಾಪಸು ಕೊಡಿಸುವುದು ನನ್ನಿಂದ ಆಯಿತು. ಆ ನಾವಿಕನಿಗೆ ಏನು ಕಳೆದುಹೋಯಿತು ಎಂಬುದು ನನಗೆ ಗೊತ್ತಿಲ್ಲ, ಅವನ ಮುಖವನ್ನೂ ನಾನು ನೋಡಿರಲಿಲ್ಲ.