ಒಳಗೆ ತರಬಾರದ ಆಟ

ಅನುಮಾನ ನನ್ನ ಹುಟ್ಟುಗುಣ. ಹಾಲು ಒಡೆದರೆ ಹಾಲಿನವನ ಮೇಲೆ, ಪೋಸ್ಟು ತಡವಾದರೆ ಪೋಸ್ಟ್‌ಮ್ಯಾನನ ಮೇಲೆ. ಒಮ್ಮೆ ಮಾತ್ರ ಅದು ನನ್ನ ಓರಗಿತ್ತಿಯ ಮೇಲೆ ಬಿತ್ತು, ಅದೂ ಮಕ್ಕಳಾಟದ ಒಂದು ಡಬ್ಬಿಯ ದೆಸೆಯಿಂದ.

ತೊಂಬತ್ತರ ದಶಕದ ಕೊನೆ. ಶಿರಸಿ ಹತ್ತಿರದ ಇಸಳೂರಲ್ಲಿ ನಾವು ಹೊಸ ಟೆರೇಸು ಮನೆ ಕಟ್ಟಿದ್ದೆವು. ಮನೆ ಹೊಸದಾದರೂ ಬಚ್ಚಲ ಪಕ್ಕ ಒಂದು ಸಣ್ಣ ಕೋಣೆ ಬೇಕೇ ಬೇಕು ಎಂದು ಅತ್ತೆ ಹಟ ಹಿಡಿದು ಕಟ್ಟಿಸಿದ್ದರು. ತಿಂಗಳ ಮುಟ್ಟಿನಲ್ಲಿ ನಾವು ಸೊಸೆಯಂದಿರು ಮೂರು ದಿನ ಅಲ್ಲೇ ಹೊರಗೆ ಕೂರಬೇಕು, ನಾಲ್ಕನೇ ದಿನ ಮಿಂದು ಒಳಗೆ ಬರಬೇಕು. ನಿಜ ಹೇಳುತ್ತೇನೆ, ನಮಗೆ ಇದ್ದ ರಜೆ ಅದೊಂದೇ.

ನನ್ನ ಮಗಳಿಗೆ ಅವಳಪ್ಪ ಶಿರಸಿ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ವಿಡಿಯೋ ಗೇಮು ತಂದುಕೊಟ್ಟಿದ್ದರು. ಅಂಗೈಯಗಲದ ಪರದೆ, ಮೇಲಿನಿಂದ ಚೌಕದ ತುಂಡುಗಳು ಬೀಳುತ್ತವೆ, ಸಂದು ಬಿಡದಂತೆ ಜೋಡಿಸಬೇಕು. ಒಂದು ಸಾಲು ತುಂಬಿದರೆ ಅದು ಮಾಯ, ಮತ್ತೆ ಮೊದಲಿನಿಂದ. ಎಂತಹ ದಡ್ಡ ಆಟ! ಮಗಳು ಅದನ್ನು ಆ ಕೋಣೆಯ ಹೊಸ್ತಿಲ ಮೇಲೆ ಮರೆತಳು, ಹೊರಗೆ ಕೂತಿದ್ದ ಓರಗಿತ್ತಿ ಕೈಗೆತ್ತಿಕೊಂಡಳು. ಮೈಲಿಗೆಯಾಯಿತು.

ಬಟ್ಟೆಯಾದರೆ ನೀರಲ್ಲಿ ಅದ್ದಬಹುದು, ಹಿತ್ತಾಳೆಯಾದರೆ ಹುಣಸೆಹಣ್ಣು ಹಾಕಿ ತಿಕ್ಕಬಹುದು. ಇದನ್ನೇನು ಮಾಡುವುದು?

"ನೀರಲ್ಲಿ ಅದ್ದಲೆ ಬತ್ತಿಲ್ಯ?" ಎಂದರು ಅತ್ತೆ.

"ಅದ್ದಿರೆ ಹಾಳಾಗ್ತು ಅತ್ತೆ."

"ಹಂಗಾರೆ ಅಲ್ಲೇ ಇರ್ಲಿ. ಒಳಗೆ ತರಡ."

ಮಗಳು ಎರಡು ದಿನ ಅತ್ತಳು. ಓರಗಿತ್ತಿ ಬೇಕೆಂದೇ ಮುಟ್ಟಿದ್ದಾಳೆ ಎಂದು ನನಗೆ ಅನಿಸಿದ್ದು ಆಗಲೇ.

ಆಮೇಲೆ ಶುರುವಾಯಿತು. ಮಿಂದು ಒಳಗೆ ಬಂದವಳು ಹತ್ತು ದಿನ ಕಳೆಯುವುದರೊಳಗೆ ಮತ್ತೆ ಹೊರಗೆ. ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಡತೊಡಗಿದೆ. ಕೆಲವು ತಿಂಗಳು ಎರಡೆರಡು ಸಲ! ನಾನಿಲ್ಲಿ ಒಂಬತ್ತು ಜನಕ್ಕೆ ದೋಸೆ ಹೊಯ್ಯುತ್ತಿದ್ದರೆ ಆ ಕಡೆಯಿಂದ ಟುಂಯ್ ಟುಂಯ್ ಸದ್ದು, ನಡುವೆ "ಅಯ್ಯೋ, ಉದ್ದನ ತುಂಡು ಬತ್ತೇ ಇಲ್ಲೆ!" ಎಂಬ ಕೂಗು, ನಗು. ಅವಳ ಗಂಡ, ನನ್ನ ಮೈದುನನಂತೂ ಪೇಟೆಯಿಂದ ಹೊಸ ಸೆಲ್ಲು ತಂದು, ಮುಟ್ಟದ ಹಾಗೆ ದೂರದಿಂದ ಎಸೆಯುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳ ಮುಖ ಬಿಳಿಚಿದ್ದು ಕಂಡಿರಲಿಲ್ಲವೇ? ಕಂಡಿತ್ತು. ಕತ್ತಲೆ ಕೋಣೆಯಲ್ಲಿ ಕೂತರೆ ಇನ್ನೇನಾಗುತ್ತದೆ ಅಂದುಕೊಂಡೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅವಳು ಡಾಕ್ಟರ ಹತ್ತಿರ ಹೋಗಬೇಕು ಎಂದು ಕೇಳಿದ ದಿನ ನಾನು ಅತ್ತೆಗೆ ಹೇಳಿಯೇಬಿಟ್ಟೆ: "ಅದಕ್ಕೆ ಎಂತ ಕಾಯಿಲೆಯೂ ಇಲ್ಲೆ ಅತ್ತೆ. ಆಟ ಆಡಲೆ ಹೊರಗೆ ಕೂತ್ಕತ್ತು. ಎಲ್ಲ ನಾಟ್ಕ." ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ನಮ್ಮತ್ತೆ. ಡಾಕ್ಟರ ಮಾತು ಅಲ್ಲಿಗೇ ನಿಂತಿತು.

ನಾಲ್ಕೈದು ತಿಂಗಳ ಮೇಲೆ ಇಬ್ಬರೂ ಒಟ್ಟಿಗೇ ಹೊರಗಾದೆವು. ಈ ಸಲ ಕಳ್ಳಿಯನ್ನು ಹಿಡಿದೇ ಹಿಡಿಯುತ್ತೇನೆ ಎಂದುಕೊಂಡು ಚಾಪೆ ಹಾಸಿದೆ. ಅವಳು ನಗುತ್ತ ಆಟ ನನ್ನ ಕೈಗಿಟ್ಟಳು. ಆಡಿದೆ. ಸುಳ್ಳೇಕೆ, ತುಂಡು ಜೋಡಿಸುತ್ತ ಹೋದಂತೆ ತಲೆಯೊಳಗಿನ ಗಜಿಬಿಜಿ ಇಳಿದು ಹಾಯೆನಿಸಿತು. ಮಧ್ಯಾಹ್ನ ಕಳೆದದ್ದೇ ತಿಳಿಯಲಿಲ್ಲ.

ಆ ಪುಟ್ಟ ಕೋಣೆಯಲ್ಲಿ ಮುಚ್ಚಿಡಲು ಜಾಗವಿಲ್ಲ. ಸಂಜೆ ಅವಳು ಬಟ್ಟೆ ಒಗೆಯುವಾಗ ನೋಡಿದೆ. ಒಂದು ಬಕೆಟ್ಟು ತುಂಬ ಕೆಂಪು ನೀರು, ಚೆಲ್ಲಿ ಮತ್ತೆ ತುಂಬಿದರೂ ಕೆಂಪೇ. ಗೋಡೆ ಹಿಡಿದುಕೊಂಡು ಎದ್ದಳು.

"ಇದ್ನ ಆಡ್ತಾ ಇದ್ರೆ ಹೊಟ್ಟೆನೋವು ರಾಶಿ ಗೊತ್ತಾಗ್ತಿಲ್ಲೆ ಅಕ್ಕಾ," ಎಂದಳು. ಬಟ್ಟೆ ಹಿಂಡಿ ಹರವುತ್ತ, "ಡಾಕ್ಟ್ರ ಹತ್ರ ಹೋಗವು ಹೇಳಿ ಕೇಳಿ ಬೈಸ್ಕಂಡೆ. ನಾಟ್ಕ ಹೇಳಿ ಅತ್ತೆ ತಲೆಗೆ ಯಾರು ತುಂಬ್ಸಿದ್ವೇನ."

"ಯಂಗೆ ಗೊತ್ತಿಲ್ಲೆ," ಅಂದೆ.

ಮಾರನೇ ದಿನವೇ, ಮೈಲಿಗೆಯಲ್ಲೇ, ಅತ್ತೆಯ ಕೂಗಾಟ ಲೆಕ್ಕಿಸದೆ ಅವಳನ್ನು ಕರೆದುಕೊಂಡು ಶಿರಸಿಯ ಬಸ್ಸು ಹತ್ತಿದೆ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ನನ್ನನ್ನೇ ಕೇಳಿದರು. ಆಪರೇಶನ್ ಆಗಿ ಜೀವ ಉಳಿಯಿತು, ಗರ್ಭಕೋಶ ಉಳಿಯಲಿಲ್ಲ. ಮದುವೆಯಾಗಿ ಮೂರು ವರ್ಷ, ಅವಳಿಗಿನ್ನೂ ಮಕ್ಕಳಾಗಿರಲಿಲ್ಲ.

ಇವತ್ತಿಗೂ ಮನೆಗೆ ಯಾರೇ ಬರಲಿ, ಅವಳು ನನ್ನ ಕೈ ಹಿಡಿದು ಹೇಳುತ್ತಾಳೆ: "ಯನ್ನ ಜೀವ ಉಳ್ಸಿದ್ದೇ ಅಕ್ಕ." ಗೊತ್ತಿಲ್ಲದೆ ಹೇಳುತ್ತಾಳೋ, ಎಲ್ಲ ಗೊತ್ತಿದ್ದೇ ಹೇಳುತ್ತಾಳೋ? ಪ್ರತಿ ಸಲವೂ ಅವಳ ಮುಖ ನೋಡುತ್ತೇನೆ. ಕೇಳುವ ಧೈರ್ಯ ಮಾತ್ರ ಬಂದಿಲ್ಲ.