ಪುಟ್ಟ ಚಕ್ರವರ್ತಿಯ ಎರಡು ಮಾತು

ಕೊಲ್ಲಿ ದೇಶದ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಮಕ್ಕಳ ನಾಟಕ ಬರೆದುಕೊಡಿ ಎಂದು ನನ್ನನ್ನು ಕೇಳಿದ್ದು ನಾನು ಇತಿಹಾಸ ಓದಿದವಳೆಂಬ ಕಾರಣಕ್ಕೆ. ಚೀನಾದ ಕೊನೆಯ ಚಕ್ರವರ್ತಿಯನ್ನು ಆರಿಸಿಕೊಂಡೆ. ಮೂರು ತುಂಬುವ ಮೊದಲೇ ಸಿಂಹಾಸನ ಏರಿ, ಆರನೆಯ ವಯಸ್ಸಿಗೆ ಇಳಿದ ಮಗು. ಅವನ ಹೆಸರಿನಲ್ಲಿ ಹೊರಟ ಆಜ್ಞೆಗಳಲ್ಲಿ ಒಂದೂ ಅವನದಲ್ಲ. ಪಟ್ಟಾಭಿಷೇಕದ ದಿನ ಮನೆಗೆ ಹೋಗಬೇಕೆಂದು ಅತ್ತನಂತೆ. ನಾಟಕದಲ್ಲಿ ಅವನಿಗೆ ನಾನು ಕೊಟ್ಟ ಮಾತು ಇಷ್ಟೇ: "ನನಗೆ ಈ ಕುರ್ಚಿ ಬೇಡ. ಮನೆಗೆ ಕರ್ಕೊಂಡು ಹೋಗಿ."

ಪಾತ್ರ ಮಾಡಿದವಳು ಇಲ್ಲಿನ ಅಲ್ ಗರಾಫಾ ಬಡಾವಣೆಯಲ್ಲಿ ನಮ್ಮ ಕಟ್ಟಡದಲ್ಲೇ ಇರುವ ಮೈಸೂರಿನವರ ಏಳು ವರ್ಷದ ಮಗಳು. ಅವಳಿಗೆ ಮನೆಯಲ್ಲೂ ಇಂಗ್ಲಿಷೇ. "ನನ್ ಕನ್ನಡ ಕೇಳಿದ್ರೆ ಅಜ್ಜಿ ಫೋನಲ್ಲಿ ನಗ್ತಾರೆ ಆಂಟಿ. ಈ ಸಲ ನಗಲ್ಲ, ನೋಡಿ," ಎಂದಿದ್ದಳು. ಎರಡು ವಾರ, ದಿನವೂ ಸಂಜೆ ಬಂದು ಆ ಎರಡು ವಾಕ್ಯ ಒಪ್ಪಿಸಿ ಹೋಗುತ್ತಿದ್ದಳು.

ನಮ್ಮಲ್ಲಿ ನಾಟಕದ ಮಾತುಗಳನ್ನು ಮೊದಲೇ ಧ್ವನಿಮುದ್ರಿಸುವುದು ರೂಢಿ. ವೇದಿಕೆಯಲ್ಲಿ ಮಕ್ಕಳು ಬಾಯಾಡಿಸಿದರೆ ಸಾಕು. ನನ್ನ ಕೋಣೆಯಲ್ಲಿ ಎಸಿ ಆರಿಸಿ, ಬೆವರುತ್ತ ಕೂತು, ಅವಳ ಮಾತು ರೆಕಾರ್ಡ್ ಮಾಡಿದೆ. ಕೇಳಿಸಿಕೊಂಡ ಸಂಘದ ಕಾರ್ಯದರ್ಶಿ, "ಏನಮ್ಮಾ, ರಾಜ ಚೀನಾದವನು ಸರಿ, ಕನ್ನಡಾನೂ ಚೀನಾದ್ದೇ ಆದ್ರೆ ಹೆಂಗೆ? ನೀವೇ ಮಗು ಥರ ಹೇಳ್ಬಿಡಿ, ಖಲಾಸ್," ಎಂದು ನಕ್ಕರು.

ಅವಳ ದನಿ ಅಳಿಸಿ ನನ್ನದನ್ನು ಸೇರಿಸಿದೆ. ಅವರು ಒತ್ತಾಯಿಸಿದರು ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಬರೆದ ವಾಕ್ಯ ಚೆನ್ನಾಗಿ ಕೇಳಿಸಬೇಕೆಂಬ ಆಸೆ ನನಗೇ ಇತ್ತು. ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ.

ವಾರ್ಷಿಕೋತ್ಸವದ ದಿನ ಹಳದಿ ನಿಲುವಂಗಿಯಲ್ಲಿ ಅವಳು ಸರಿಯಾದ ಕ್ಷಣಕ್ಕೆ ಬಾಯಿ ತೆರೆದಳು. ಸ್ಪೀಕರಿನಿಂದ ಬೇರೆ ದನಿ ಬಂದಾಗ ತುಟಿ ಮುಚ್ಚಿಕೊಂಡಳು. ಮಾತು ಅವಳಿಲ್ಲದೆ ಮುಂದುವರಿಯಿತು. ತಲೆ ತಗ್ಗಿಸಿ ಕೂತಿದ್ದನ್ನು ಅಭಿನಯವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ನಾಟಕ ಮುಗಿದ ಮೇಲೆ ಅವಳ ತಾಯಿ ಅಜ್ಜಿಗೆ ವಿಡಿಯೋ ಕಳಿಸಿ ಕರೆ ಮಾಡಿದರು. "ಅಯ್ಯೋ ನನ್ನ ಬಂಗಾರಿ! ಇಲ್ಲಿರೋ ಮಕ್ಳಿಗೂ ಇಷ್ಟು ಸ್ಪಷ್ಟವಾಗಿ ಬರಲ್ಲ ಕಣೇ," ಎನ್ನುತ್ತಿದ್ದರು ಅಜ್ಜಿ. ಹುಡುಗಿ ನನ್ನನ್ನು ನೋಡಿದಳು. ಅದು ನನ್ನ ದನಿ ಎನ್ನಲು ನನಗೆ ಬೇಕಾದಷ್ಟು ಸಮಯವಿತ್ತು.

"ಥ್ಯಾಂಕ್ಯೂ ಅಜ್ಜಿ," ಎಂದು ಅವಳು ಫೋನನ್ನು ತಾಯಿಗೆ ಕೊಟ್ಟಳು.

"ಎಲ್ಲಾ ನಿಮ್ಮಿಂದಾನೇ," ಎಂದು ತಾಯಿ ನನ್ನ ಕೈ ಹಿಡಿದರು.

ಈಗಲೂ ಲಿಫ್ಟಿನಲ್ಲಿ ಸಿಗುತ್ತಾಳೆ. ಶಾಲೆ ಹೇಗಿದೆ, ಊಟ ಆಯಿತಾ ಎಂದು ನಾನು ಕನ್ನಡದಲ್ಲಿ ಕೇಳುತ್ತೇನೆ. ಅವಳು ನಯವಾಗಿ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ.